ಹಿತ್ತಲ ಕೋಳಿ, ಕೊಟ್ಟಿಗೆಯ ಹಸು: ನೋಟಿಸ್ ಬಂದಾಗ

ನಗರದಲ್ಲಿ ಮನೆ ಹಿಂದೆ ನಾಟಿ ಕೋಳಿ, ಒಂದೆರಡು ಹಸು ಸಾಕಿದವರು ವಕೀಲರನ್ನು ಹುಡುಕುವ ಹೊತ್ತಿಗೆ ಹಸು ದೊಡ್ಡಿ ಸೇರಿರುತ್ತದೆ. ನೋಟಿಸ್ ಬಂದಿತ್ತಾ ಎಂದರೆ, "ಬಂದಿತ್ತು ಸಾರ್, ನಾವು ತಗೊಳ್ಲಿಲ್ಲ" ಎನ್ನುತ್ತಾರೆ. ಜನರನ್ನು ಮುಳುಗಿಸುವುದು ಇದೇ. ನೀವು ಬಾಗಿಲು ಹಾಕಿಕೊಂಡರೆ ಸಿಬ್ಬಂದಿ ನೋಟಿಸನ್ನು ಬಾಗಿಲಿಗೇ ಅಂಟಿಸಿ, ಪಂಚರ ಸಹಿ ಪಡೆದು ಹೋಗುತ್ತಾರೆ. ಅಂದಿನಿಂದಲೇ ಗಡುವು ಓಡತೊಡಗುತ್ತದೆ.

ಆದ್ದರಿಂದ ತೆಗೆದುಕೊಳ್ಳಿ, ತಾರೀಖು ಹಾಕಿ ಸಹಿ ಮಾಡಿ. ಆದರೆ ಆ ಸಹಿ ನೋಟಿಸ್ ತಲುಪಿದ್ದಕ್ಕೆ ಮಾತ್ರ. ಇನ್ನೊಂದು ಹಾಳೆ ಹಿಡಿದು "ಇಲ್ಲೂ ಒಂದು ಹಾಕಿ" ಎಂದರೆ ಓದಿಸಿ ಕೇಳಿ. ಮಕ್ಕಳ ಹಾಲಿಗೆಂದು ಒಂದೇ ಹಸು ಕಟ್ಟಿದ್ದ ಅಜ್ಜಿಯಿಂದ, "ಪರವಾನಗಿಯಿಲ್ಲದೆ ಡೇರಿ ನಡೆಸುತ್ತಿದ್ದೇನೆ, ತೆರವು ಮಾಡುತ್ತೇನೆ" ಎಂಬ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ನೋಡಿದ್ದೇನೆ. ಇದು ಸರ್ಕಾರಿ ಕೆಲಸವಲ್ಲ, ಮೋಸ.

ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ಯಾವ ಕಾಯ್ದೆ, ಯಾವ ಕಲಮು ಎಂದು ನೋಡಿ: ಮಹಾನಗರ ಪಾಲಿಕೆಗಳಿಗೆ 1976ರದ್ದು, ನಗರಸಭೆ, ಪುರಸಭೆಗಳಿಗೆ 1964ರದ್ದು, ಬೆಂಗಳೂರಿನ ಐದು ಪಾಲಿಕೆಗಳಿಗೆ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ. ಬೈಲಾ ಊರಿಂದೂರಿಗೆ ಬೇರೆ. ಪಕ್ಕದೂರಿನ ನೆಂಟರ ಮಾತು ನಂಬಬೇಡಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಪ್ರತಿ ಕೇಳಿ, ಬಿಪಿಎಲ್ ಕಾರ್ಡಿದ್ದರೆ ಅದೂ ಬೇಡ. ಆದರೆ ಅದಕ್ಕೆ 30 ದಿನ ಹಿಡಿಯಬಹುದು. ಕಾಯುತ್ತ ಕೂತು ನೋಟಿಸಿನ ಗಡುವು ಮೀರಿಸಬೇಡಿ. ಉತ್ತರದಲ್ಲೇ ಕಾಲಾವಕಾಶ ಕೇಳಿ. ಹಾಲು ಮಾರುತ್ತಿದ್ದರೆ ಮುಚ್ಚಿಡಬೇಡಿ, ಪರವಾನಗಿಯ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ.

ಇಷ್ಟರಲ್ಲಿ ದಲ್ಲಾಳಿ ಬರುತ್ತಾನೆ. ಹತ್ತು ಕೋಳಿಗೆ "ಮಾಲಿನ್ಯ ಮಂಡಳಿ ಪರ್ಮಿಷನ್" ಮಾಡಿಸುತ್ತೇನೆಂದು ಸಾವಿರಗಟ್ಟಲೆ ಕೀಳುತ್ತಾನೆ. ಮಂಡಳಿಯ ಒಪ್ಪಿಗೆ ಬೇಕಾಗುವುದು 5,000 ದಾಟಿದ ಫಾರಂಗಳಿಗೆ. ಅವನನ್ನು ಗೇಟಿನಾಚೆಗೇ ಕಳಿಸಿ.

ನೆರೆಯವರು ವಾಸನೆ, ಗಲೀಜೆಂದು ತಹಶೀಲ್ದಾರರಿಗೆ ದೂರು ಕೊಟ್ಟರೆ ದಾರಿಯೇ ಬೇರೆ. ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಷರತ್ತಿನ ಆದೇಶ ಬರಬಹುದು. ಹಾಜರಾಗಿ ಆಕ್ಷೇಪ ಹೇಳುವ ಹಕ್ಕು ನಿಮಗಿದೆ. ಹೋಗದೆ ಸುಮ್ಮನಿದ್ದರೆ ಅದೇ ಖಾಯಂ. ಸಗಣಿ, ಗಂಜಲ ಚರಂಡಿಗೆ ಬಿಡುತ್ತಿದ್ದರೆ ಮಾತ್ರ ಯಾವ ವಕೀಲರೂ ಉಳಿಸಲಾರರು. ಮೊದಲು ಗೊಬ್ಬರದ ಗುಂಡಿ ತೋಡಿಸಿ.

ದನ ಹಿಡಿದೊಯ್ದರೆ ಅಂದೇ ಹೋಗಿ. ಕಿವಿಯೋಲೆಯ 12 ಅಂಕಿಯ ಸಂಖ್ಯೆ ಬರೆದಿಟ್ಟುಕೊಂಡಿದ್ದರೆ ನಿಮ್ಮದೆಂದು ತೋರಿಸುವುದು ಸುಲಭ. ಮೇವಿನ ಖರ್ಚು ದಿನದಿನಕ್ಕೆ ಏರುತ್ತದೆ, ಬಿಡಿಸಿಕೊಳ್ಳದ ದನ ಹರಾಜಿಗೆ ಹೋಗುತ್ತದೆ. ರಸೀದಿಯಿಲ್ಲದೆ ಬಿಡಿಗಾಸೂ ಕೊಡಬೇಡಿ. ದಂಡ ತಪ್ಪೆನಿಸಿದರೂ "ಆಕ್ಷೇಪಣೆಯೊಂದಿಗೆ ಪಾವತಿ" ಎಂದು ಬರೆದುಕೊಟ್ಟು ಕಟ್ಟಿ, ಮೊದಲು ದನವನ್ನು ಮನೆಗೆ ಹೊಡೆದುಕೊಂಡು ಬನ್ನಿ. ದಂಡದ ಮೇಲಿನ ತಕರಾರನ್ನು ಆಮೇಲೆ ಆಯುಕ್ತರಿಗೆ ಬರಹದಲ್ಲಿ ಸಲ್ಲಿಸಿ.