ಸೊನ್ನೆಯೋ, ಓ ಅಕ್ಷರವೋ? ಕೋಡಿಂಗಿಗೆ ಒಂದು ಫಾಂಟ್

ಲ್ಯಾಬ್ ಕಂಪ್ಯೂಟರಿನಲ್ಲಿ ಯಾವ ಫಾಂಟ್ ಇರುತ್ತೋ ಅದರಲ್ಲೇ ನಾಲ್ಕು ವರ್ಷ ಕಳೆಯುವವರು ನಮ್ಮಲ್ಲಿ ಹೆಚ್ಚು. ಫಾಂಟ್ ಅಂದ್ರೆ ಮದುವೆ ಕಾರ್ಡು, ಫೆಸ್ಟ್ ಪೋಸ್ಟರಿನ ವಿಷಯ ಅಂತ ಒಂದು ಭಾವನೆ. ಆದರೆ ಸೆಮಿಸ್ಟರ್ ಪೂರ್ತಿ ನಾವು ಕಣ್ಣು ನೆಟ್ಟು ನೋಡೋದು ಎಡಿಟರ್ ಮತ್ತು ಟರ್ಮಿನಲ್ಲಿನ ಅಕ್ಷರಗಳನ್ನೇ. ಹಾಗಾಗಿ ಈ ಸಲ ಅದರ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ.

ಕೋಡಿಂಗ್ ಫಾಂಟುಗಳೆಲ್ಲ ಮಾನೋಸ್ಪೇಸ್ ಜಾತಿಯವು, ಅಂದರೆ ಪ್ರತಿ ಅಕ್ಷರಕ್ಕೂ ಒಂದೇ ಅಗಲ. ಇದು ಟೈಪ್‌ರೈಟರಿನಿಂದ ಬಂದ ಬಳುವಳಿ. ಯಾವ ಕೀಲಿ ಒತ್ತಿದರೂ ಕಾಗದ ಅಷ್ಟೇ ದೂರ ಸರಿಯುತ್ತಿತ್ತು. 1928ರ ಐಬಿಎಂ ಪಂಚ್ ಕಾರ್ಡಿನಲ್ಲಿ 80 ಕಾಲಂ ಇದ್ದವು, 1978ರ ವಿಟಿ100 ಟರ್ಮಿನಲ್ಲಿನಲ್ಲೂ 80 ಕಾಲಂ, 24 ಸಾಲು. ಇವತ್ತು ಪೈಥಾನಿನ ಪೆಪ್ 8 ಸಾಲಿಗೆ 79 ಅಕ್ಷರ ಸಾಕು ಅನ್ನುತ್ತಲ್ಲ, ಅದರ ಬೇರೂ ಅಲ್ಲೇ ಇದೆ. ಟರ್ಮಿನಲ್ ಇಂದಿಗೂ ಚೌಕಳಿ ಪುಸ್ತಕದ ಹಾಗೆ: ಒಂದು ಮನೆಗೆ ಒಂದು ಅಕ್ಷರ.

ಫಾಂಟ್ ಚೆನ್ನಾಗಿದೆಯಾ ಇಲ್ವಾ ಅಂತ ನೋಡಲು ಒಂದು ನಿಮಿಷ ಸಾಕು. ಸೊನ್ನೆ, ದೊಡ್ಡ ಓ, ಒಂದು, ಸಣ್ಣ ಎಲ್, ದೊಡ್ಡ ಐ, ಪೈಪ್ ಗುರುತು, ಇಷ್ಟನ್ನೂ ಪಕ್ಕಪಕ್ಕದಲ್ಲಿ ಟೈಪ್ ಮಾಡಿ. ಒಂದಡಿ ಹಿಂದೆ ಸರಿದು ನೋಡಿ. ಆರೂ ಬೇರೆಬೇರೆ ಕಾಣಬೇಕು. ಕೊರಿಯರ್ ನ್ಯೂ ಇಲ್ಲೇ ಫೇಲು: ಅದರ ಸೊನ್ನೆಯೊಳಗೆ ಗೆರೆಯೂ ಇಲ್ಲ, ಚುಕ್ಕಿಯೂ ಇಲ್ಲ, ಒಂದು ಮತ್ತು ಎಲ್ ಅಣ್ಣತಮ್ಮಂದಿರ ಥರ. ಇದು ಬರೀ ಅಂದಚಂದದ ಮಾತಲ್ಲ. ಸಿ ಭಾಷೆಯಲ್ಲಿ ಒಂದರ ಮುಂದೆ ಸಣ್ಣ ಎಲ್ ಹಾಕಿದರೆ ಅದು ಲಾಂಗ್ ಟೈಪಿನ ಒಂದು. ಕಣ್ಣು ಅದನ್ನು ಹನ್ನೊಂದು ಅಂತ ಓದಿಬಿಡುತ್ತೆ. ಕಂಪೈಲರ್ ಎರಡನ್ನೂ ಒಪ್ಪುತ್ತದೆ, ಎರರ್ ಕೊಡೋದಿಲ್ಲ. ಉತ್ತರ ಮಾತ್ರ ತಪ್ಪು. ಲ್ಯಾಬ್ ಪರೀಕ್ಷೆಯಲ್ಲಿ ಇಂಥದ್ದೊಂದು ಹುಡುಕುತ್ತಾ ಕೂತರೆ ಅರ್ಧ ಗಂಟೆ ಹೋಯ್ತು ಅಂತಲೇ ಲೆಕ್ಕ.

ವಿಂಡೋಸ್ ಲ್ಯಾಬಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡೋಕೆ ಬಿಡಲ್ವಲ್ಲ, ಅಲ್ಲಿ ಕನ್ಸೋಲಾಸ್ ಹಾಕಿಕೊಳ್ಳಿ. ಅದು ಹೇಗೂ ಇರುತ್ತೆ, ಸೊನ್ನೆಗೆ ಅಡ್ಡಗೆರೆಯೂ ಇದೆ. ಸ್ವಂತ ಲ್ಯಾಪ್‌ಟಾಪಿಗೆ ನಮ್ಮ ಮೊದಲ ಆಯ್ಕೆ ಜೆಟ್‌ಬ್ರೇನ್ಸ್ ಮೋನೋ. ಅದರ ಸಣ್ಣಕ್ಷರಗಳು ಸ್ವಲ್ಪ ಎತ್ತರ, ಹಾಗಾಗಿ ಸೈಜು ಕಡಿಮೆ ಇಟ್ಟರೂ ಓದಬಹುದು. ಟರ್ಮಿನಲ್ಲನ್ನು ಎರಡು ಮೂರು ಭಾಗ ಮಾಡಿಕೊಂಡು ಕೆಲಸ ಮಾಡುವವರಿಗೆ ಅಯೋಸೆವ್ಕಾ ಒಳ್ಳೆಯದು, ಅಕ್ಷರ ಸಪೂರ, ಸಾಲಿಗೆ ಹೆಚ್ಚು ಹಿಡಿಯುತ್ತೆ. ಎರಡೂ ಮುಕ್ತ ಲೈಸೆನ್ಸಿನವು, ದುಡ್ಡು ಕೊಡಬೇಕಿಲ್ಲ.

ಲಿಗೇಚರ್ ವಿಷಯಕ್ಕೆ ಜಗಳ ಇದ್ದೇ ಇದೆ. ಫಿರಾ ಕೋಡ್‌ನಂಥ ಫಾಂಟಿನಲ್ಲಿ != ಅಂತ ಒತ್ತಿದರೆ ಗಣಿತದ ≠ ಗುರುತು ಕಾಣುತ್ತೆ. ಫೈಲಿನಲ್ಲಿ ಇರೋದು ಎರಡೇ ಅಕ್ಷರ, ಬದಲಾಗೋದು ನೋಟ ಮಾತ್ರ. ನೋಡಲು ಚಂದ, ಒಪ್ಪಿದೆವು. ಆದರೆ ಮೊದಲ ವರ್ಷದವರು ಇದರಿಂದ ದೂರ ಇರಲಿ ಅನ್ನೋದು ನಮ್ಮ ಅಭಿಪ್ರಾಯ. ಪರೀಕ್ಷೆಯಲ್ಲಿ ಪ್ರೋಗ್ರಾಂ ಬರೆಯೋದು ಪೆನ್ನಿನಲ್ಲಿ. ಅಲ್ಲಿ ಎರಡು ಸಮ ಗುರುತೋ ಮೂರೋ ಅಂತ ಕೈಗೆ ಗೊತ್ತಿರಬೇಕು. ಕ್ಯಾಸ್ಕೇಡಿಯಾ ಕೋಡ್ ಇಷ್ಟ ಆದರೆ ಅದರದ್ದೇ ಲಿಗೇಚರ್ ಇಲ್ಲದ ರೂಪ ಕ್ಯಾಸ್ಕೇಡಿಯಾ ಮೋನೋ ಇದೆ.

ಇನ್ನು ನಮ್ಮ ಸಂಘದವರಿಗೆ ನಿಜವಾಗಿ ಬೇಕಾದ್ದು: ಕೋಡಿನಲ್ಲಿ ಕನ್ನಡ.

ಮೇಲೆ ಹೇಳಿದ ಸೊನ್ನೆ-ಓ ಗೊಂದಲಕ್ಕೆ ಕನ್ನಡದಲ್ಲಿ ಒಬ್ಬ ದಾಯಾದಿ ಇದ್ದಾನೆ. ‘ಅಂಗಡಿ’ ಮತ್ತು ‘ಅ೦ಗಡಿ’, ಇವೆರಡನ್ನೂ ನೋಡಿ. ಮೊದಲನೆಯದರಲ್ಲಿ ಇರೋದು ಅನುಸ್ವಾರ, ಯುನಿಕೋಡಿನಲ್ಲಿ 0ಸಿ82. ಎರಡನೆಯದರಲ್ಲಿ ಕನ್ನಡ ಅಂಕಿ ಸೊನ್ನೆ, 0ಸಿಇ6. ಅನೇಕ ಫಾಂಟುಗಳಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ. ಆದರೆ ಹುಡುಕಿದರೆ ಒಂದಕ್ಕೆ ಇನ್ನೊಂದು ಸಿಗೋದಿಲ್ಲ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲಿ ಇಡಬಹುದಲ್ವಾ, ಅಲ್ಲಿ ಇವೆರಡೂ ಬೇರೆಬೇರೆ ವೇರಿಯಬಲ್ಲುಗಳು! ಕನ್ನಡ ಪಠ್ಯದ ಡೇಟಾ ಮೇಲೆ ಪ್ರಾಜೆಕ್ಟ್ ಮಾಡುವವರು ಶುರುವಿನಲ್ಲೇ ಪದದೊಳಗೆ ಸೇರಿಕೊಂಡ ಸೊನ್ನೆಗಳನ್ನು ಅನುಸ್ವಾರಕ್ಕೆ ಬದಲಿಸಿಕೊಳ್ಳಿ. ಎಲ್ಲ ಸೊನ್ನೆಯನ್ನೂ ಬದಲಿಸಿದರೆ ‘೧೦೦’ ಕೆಟ್ಟುಹೋಗುತ್ತೆ, ನೆನಪಿರಲಿ.

ಕೋಡಿಂಗ್ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಸಾಮಾನ್ಯವಾಗಿ ಇರೋದೇ ಇಲ್ಲ, ಸಿಸ್ಟಮ್ಮು ಬೇರೊಂದು ಫಾಂಟಿನಿಂದ ಕಡ ತರುತ್ತೆ. ಯಾವುದರಿಂದ ತರಬೇಕು ಅಂತ ನಾವೇ ಹೇಳಬಹುದು. ವಿಎಸ್ ಕೋಡ್ ಸೆಟ್ಟಿಂಗಿನ ಫಾಂಟ್ ಫ್ಯಾಮಿಲಿ ಜಾಗದಲ್ಲಿ ಮೊದಲು ಜೆಟ್‌ಬ್ರೇನ್ಸ್ ಮೋನೋ, ಅಲ್ಪವಿರಾಮ, ಆಮೇಲೆ ನೋಟೋ ಸ್ಯಾನ್ಸ್ ಕನ್ನಡ ಅಂತ ಕೊಡಿ. ಒತ್ತಕ್ಷರದ ಕೆಳಭಾಗ ಕತ್ತರಿಸಿದ ಹಾಗೆ ಕಂಡರೆ ಲೈನ್ ಹೈಟ್ 1.7ರ ಸುತ್ತಮುತ್ತ ಇಟ್ಟು ನೋಡಿ.

ಎಡಿಟರಿನಲ್ಲಿ ಸರಿಯಾದ ಕನ್ನಡ ಅದೇ ಕಿಟಕಿಯ ಟರ್ಮಿನಲ್ಲಿನಲ್ಲಿ ಒಡೆಯಬಹುದು. ತಪ್ಪು ಫಾಂಟಿನದಲ್ಲ, ಚೌಕಳಿಯದು. ನಮ್ಮ ಕಣ್ಣಿಗೆ ‘ಕನ್ನಡ’ ಮೂರು ಅಕ್ಷರ. ಪೈಥಾನಿನ ಲೆನ್ ಹೇಳೋದು 5: ಕ, ನ, ವಿರಾಮ ಚಿಹ್ನೆ, ನ, ಡ. ಒತ್ತಕ್ಷರ ಕೆಳಗೆ ಕೂರುತ್ತೆ, ‘ಸೌ’ ಪಕ್ಕದ ಮನೆಗೂ ಚಾಚುತ್ತೆ. ಯಾವುದಕ್ಕೆ ಎಷ್ಟು ಮನೆ ಕೊಡಬೇಕು ಅನ್ನೋದು ಟರ್ಮಿನಲ್ಲಿಂದ ಟರ್ಮಿನಲ್ಲಿಗೆ ಬೇರೆ. ಕೆಲವಂತೂ ‘ಕ್ಷ’ವನ್ನು ಕೂಡಿಸದೆ ಬಿಡಿಬಿಡಿಯಾಗಿ ಇಡುತ್ತವೆ.

ಇದರ ಪೆಟ್ಟು ಬೀಳೋದು ಕೋಷ್ಟಕ ಪ್ರಿಂಟ್ ಮಾಡುವಾಗ. ಎಲ್‌ಜಸ್ಟ್ ಬಳಸಿ ಹತ್ತು ಅಕ್ಷರಕ್ಕೆ ಹೊಂದಿಸಿದರೂ ಅದು ಎಣಿಸೋದು ಆ ಐದನ್ನು, ಹಾಗಾಗಿ ಕಾಲಂ ಓರೆಕೋರೆ. ಯಾವ ಫಾಂಟ್ ತಂದರೂ ಇದು ನೇರ ಆಗಲ್ಲ. ಸುಲಭದ ದಾರಿ ಅಂದ್ರೆ ಕನ್ನಡದ ಕಾಲಂ ಅನ್ನು ಸಾಲಿನ ಕೊನೆಗೆ ಹಾಕೋದು: ಮೊದಲು ಕ್ರಮಸಂಖ್ಯೆ, ಅಂಕ, ಆಮೇಲೆ ಹೆಸರು. ಡೆಮೊ ಕೊಡುವಾಗ ಟರ್ಮಿನಲ್ ಬಿಟ್ಟು ಸಿಎಸ್‌ವಿ ಫೈಲಿಗೆ ಬರೆದು ಎಕ್ಸೆಲ್‌ನಲ್ಲಿ ತೋರಿಸಬಹುದು. ಆಗ ಎನ್‌ಕೋಡಿಂಗ್ ಜಾಗದಲ್ಲಿ ಬರೀ ಯುಟಿಎಫ್-8 ಸಾಲದು, ಅದರ ಮುಂದೆ ಇನ್ನೊಂದು ಅಡ್ಡಗೆರೆ ಹಾಕಿ ‘ಸಿಗ್’ ಸೇರಿಸಿ. ಇಲ್ಲದಿದ್ದರೆ ಎಕ್ಸೆಲ್ ಕನ್ನಡದ ಬದಲು ಏನೇನೋ ಚಿಹ್ನೆ ತೋರಿಸುವ ಸಾಧ್ಯತೆ ಹೆಚ್ಚು.