ಬರಗಾಲ ಮತ್ತು ಮನೋಧೈರ್ಯ



ಹವಾಮಾನ ಬದಲಾಗುತ್ತಿದೆ, ಮಳೆ ನಕ್ಷತ್ರಗಳ ಲೆಕ್ಕ ತಪ್ಪುತ್ತಿದೆ. 2023ರಲ್ಲಿ ಸರ್ಕಾರವು ನಮ್ಮ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಇಂತಹ ಕಾಲದಲ್ಲಿ ಮನಸ್ಸೂ ಬಳಲುತ್ತದೆ. ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಸಣ್ಣ ಮಾತಿಗೂ ಸಿಡುಕುವುದು, ಕುಡಿತ ಹೆಚ್ಚುವುದು ಇದರ ಲಕ್ಷಣಗಳು. ಇವು ಹೇಡಿತನವಲ್ಲ.

“ಮುಂದಿನ ವರ್ಷ ತಾನಾಗಿಯೇ ಸರಿಹೋದೀತು” ಎಂಬ ಭ್ರಮೆಯೂ, “ನಮ್ಮ ಕೈಯಲ್ಲೇನಿದೆ” ಎಂಬ ಹತಾಶೆಯೂ ಮನುಷ್ಯನನ್ನು ಕೈಕಟ್ಟಿ ಕೂರಿಸುತ್ತವೆ. ನೆರೆಯವರು ಕೃಷಿ ಹೊಂಡ ತೋಡಿ, ನವಣೆ ಬಿತ್ತಿ ಫಲ ಕಂಡಾಗ ಇತರರಿಗೂ ಧೈರ್ಯ ಬರುತ್ತದೆ. ಆದುದರಿಂದ ಊರವರೊಡನೆ ಕೂಡಿ ಯೋಚಿಸಿರಿ.

ಪತಿಯು ಸಾಲವನ್ನು ಮುಚ್ಚಿಡುವುದು, ಪತ್ನಿಯು ತನ್ನ ಹಸಿವನ್ನು ಮುಚ್ಚಿಡುವುದು ಅನೇಕ ಮನೆಗಳಲ್ಲಿ ಕಂಡುಬರುತ್ತದೆ. ರಾತ್ರಿ ಊಟವಾದ ಮೇಲೆ ಇಬ್ಬರೂ ಕುಳಿತು ಸಾಲ, ಬೀಜ, ನೀರು, ಮಕ್ಕಳ ಓದು ಇವುಗಳ ಲೆಕ್ಕವನ್ನು ಬಿಚ್ಚಿ ಮಾತನಾಡಿರಿ. ಹಂಚಿಕೊಂಡ ಭಾರ ಹಗುರವಾಗುತ್ತದೆ.

ಮನೆಯಲ್ಲಿ ಯಾರಾದರೂ “ಬದುಕಿ ಫಲವಿಲ್ಲ” ಎಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅವರನ್ನು ಒಂಟಿಯಾಗಿ ಬಿಡದೆ, ಕೀಟನಾಶಕವನ್ನು ಕೈಗೆಟುಕದಂತೆ ಬೀಗ ಹಾಕಿಟ್ಟು, ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. ಟೆಲಿ ಮಾನಸ್ ದೂರವಾಣಿ 14416ರಲ್ಲಿ ಹಗಲಿರುಳೂ ಉಚಿತ ಸಲಹೆ ದೊರೆಯುತ್ತದೆ.