ಇಂಧನ ಮೊದಲು, ಯಂತ್ರ ಆಮೇಲೆ: ಮನೆಗೆ ಪೆಟ್ರೋಲ್-ಗ್ಯಾಸ್ ಜನರೇಟರ್ ಕೊಳ್ಳುವವರಿಗೆ 12 ಸೂತ್ರಗಳು

ಮುಂಗಾರಿಗೆ ಮುಂಚಿನ ಗುಡುಗು-ಗಾಳಿ ಎದ್ದು ಟೊಂಗೆ ಮುರಿದು ತಂತಿಯ ಮೇಲೆ ಬಿದ್ದರೆ ಹುಬ್ಬಳ್ಳಿಯ ಓಣಿಗಳಲ್ಲಿ ಲೈಟ್ ಹೋಗುತ್ತದೆ. ಅರ್ಧ ತಾಸಿನಲ್ಲಿ ಬಂದರೆ ಇನ್ವರ್ಟರ್ ಸಾಕು. ರಾತ್ರಿಯಿಡೀ ಬಾರದೆ, ಅದೇ ಹೊತ್ತಿಗೆ ನಳಕ್ಕೆ ನೀರು ಬಂದು, ಮೋಟರ್ ಹಾಕಲಾಗದೆ ಕೂತರೆ ಇನ್ವರ್ಟರ್ ಸಾಲದು. ಇಲ್ಲಿನ ಬೆಂಗೇರಿಯಂಥ ಬಡಾವಣೆಯಲ್ಲಿ ಮನೆ ಎಂದರೆ ಎಷ್ಟೋ ಜನರಿಗೆ ದುಡಿಮೆಯ ಜಾಗವೂ ಹೌದು. ಮೋಟರ್ ಕೂಡಿಸಿದ ಹೊಲಿಗೆ ಯಂತ್ರ, ಮನೆಯೊಳಗಿನ ಸಣ್ಣ ಗಿರಣಿ, ಮಗಳ ಆನ್‌ಲೈನ್ ಕೆಲಸ ಎಲ್ಲವೂ ಕರೆಂಟಿಗೆ ಕಟ್ಟಿಕೊಂಡಿವೆ.

ಹಾಗಾಗಿ ಪೆಟ್ರೋಲ್ ಮತ್ತು ಎಲ್‌ಪಿಜಿ ಎರಡರಲ್ಲೂ ಓಡುವ, ಇಬ್ಬರು ಎತ್ತಿಡಬಹುದಾದ ಜನರೇಟರುಗಳ ಕಡೆ ಜನ ನೋಡುತ್ತಿದ್ದಾರೆ. ಒಳ್ಳೆಯ ಯಂತ್ರ, ಸರಿಯಾಗಿ ಆರಿಸಿದರೆ. ಅಂಗಡಿಗೆ ಹೋಗುವ ಮುಂಚೆ ಈ ಸೂತ್ರಗಳನ್ನು ಓದಿಕೊಳ್ಳಿ.

1. ಜನರೇಟರ್ ನಿಜಕ್ಕೂ ಬೇಕೇ ಎಂದು ಮೊದಲು ತೀರ್ಮಾನಿಸಿ

12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇರುತ್ತದೆ. ಕೈಗೆ ಸಿಗುವುದು ಸುಮಾರು 1,200. ಎರಡು ಫ್ಯಾನ್, ನಾಲ್ಕು ಎಲ್‌ಇಡಿ, ಒಂದು ವೈಫೈ ಪೆಟ್ಟಿಗೆಗೆ ಅದು ಐದಾರು ತಾಸು ಬರುತ್ತದೆ. ನಿಮ್ಮ ಓಣಿಯಲ್ಲಿ ಕರೆಂಟ್ ಅದಕ್ಕಿಂತ ಹೆಚ್ಚು ಹೊತ್ತು ಹೋಗುವುದು ಅಪರೂಪವಾದರೆ ಒಳ್ಳೆಯ ಬ್ಯಾಟರಿಗೆ ದುಡ್ಡು ಹಾಕಿ. ನೀರೆತ್ತುವ ಮೋಟರ್, ಫ್ರಿಜ್ಜಿನಲ್ಲಿಟ್ಟ ಇನ್ಸುಲಿನ್, ಆಕ್ಸಿಜನ್ ಕಾನ್ಸಂಟ್ರೇಟರ್, ಮನೆಯ ದುಡಿಮೆ ಇವುಗಳಲ್ಲಿ ಒಂದಾದರೂ ಇದ್ದರೆ ಮುಂದೆ ಓದಿ. ಛಾವಣಿಯ ಮೇಲೆ ಸೋಲಾರ್ ಇದೆ ಎಂದು ನಿಶ್ಚಿಂತರಾಗಬೇಡಿ: ವಿದ್ಯುತ್ ಕಂಪನಿ ಹೆಸ್ಕಾಂನ ತಂತಿಗೆ ಜೋಡಿಸಿದ ಬ್ಯಾಟರಿಯಿಲ್ಲದ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ.

2. ಇಂಧನವನ್ನು ಆರಿಸಿ, ಆಮೇಲೆ ಯಂತ್ರವನ್ನು

ಎರಡು ಇಂಧನದ ಲಾಭ ಇರುವುದು ಎರಡೂ ನಿಮ್ಮ ಮನೆಗೆ ಕಾನೂನಿನ ದಾರಿಯಲ್ಲಿ ಬರುವುದಾದರೆ ಮಾತ್ರ. ಎಲ್‌ಪಿಜಿಯ ದೊಡ್ಡ ಗುಣ, ಎಷ್ಟು ತಿಂಗಳಿಟ್ಟರೂ ಅದು ಕೆಡುವುದಿಲ್ಲ. ವರ್ಷದಲ್ಲಿ ಕೆಲವೇ ಸಲ ಓಡುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಗುಣ ಬೇಕಿಲ್ಲ. ಪೆಟ್ರೋಲಿನ ಗುಣ, ರಾತ್ರಿ ಸಿಲಿಂಡರ್ ಮುಗಿದರೂ ಬಂಕಿನಿಂದ ತರಬಹುದು. ಎಲ್‌ಪಿಜಿ ಮುಖ್ಯ, ಪೆಟ್ರೋಲ್ ಆಪತ್ತಿಗೆ ಎಂದು ಯೋಜಿಸಿ. ಪೆಟ್ರೋಲಿನಿಂದ ಚಾಲೂ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಹಳೆಯ ಯಂತ್ರ ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕರೂ ಬೇಡ. ಅದರ ಹೊಗೆ ಹೆಚ್ಚು, ಸೀಮೆಎಣ್ಣೆ ಹುಡುಕುವುದೂ ಕಷ್ಟ.

3. ಅಡುಗೆಯ ಕೆಂಪು ಸಿಲಿಂಡರ್ ಜೋಡಿಸಬೇಡಿ

ಮನೆಗೆ ಬರುವ 14.2 ಕೆಜಿ ಸಿಲಿಂಡರ್ ಅಡುಗೆಗೆ ಮಾತ್ರ. 2000ದ ಎಲ್‌ಪಿಜಿ ಪೂರೈಕೆ ಮತ್ತು ವಿತರಣೆ ಆದೇಶದ ಪ್ರಕಾರ ಅದನ್ನು ಬೇರೆ ಕೆಲಸಕ್ಕೆ ಬಳಸುವುದು ತಪ್ಪು. ವಿತರಕರ ಬಳಿ 19 ಕೆಜಿಯ ವಾಣಿಜ್ಯ ಸಿಲಿಂಡರಿಗೆ ಬೇರೆ ಸಂಪರ್ಕ ತೆಗೆದುಕೊಳ್ಳಿ. ಒಂದು ಕಿಲೋವ್ಯಾಟ್ ಹೊರೆಗೆ ತಾಸಿಗೆ ಅಂದಾಜು ಅರ್ಧದಿಂದ ಮುಕ್ಕಾಲು ಕೆಜಿ ಗ್ಯಾಸ್ ಹಿಡಿಯಿರಿ. ಒಂದು ಸಿಲಿಂಡರ್ ಸುಮಾರು 25 ತಾಸಿನ ಮೇಲೆ ನಡೆಯುತ್ತದೆ. 5 ಕೆಜಿಯ ಸಣ್ಣ ಸಿಲಿಂಡರಿನಿಂದ ದೊಡ್ಡ ಜನರೇಟರ್ ಓಡಿಸಿದರೆ ಸಿಲಿಂಡರ್ ತಣ್ಣಗಾಗಿ ಗ್ಯಾಸಿನ ಒತ್ತಡ ಇಳಿಯುತ್ತದೆ.

ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಿಗೆ ಇಂಡಿಯನ್ ಆಯಿಲ್-ಅದಾನಿ ಗ್ಯಾಸ್ ಕಂಪನಿಯ ಕೊಳವೆ ಅನಿಲ ಬಂದಿದೆ. ಕೊಳವೆಯಲ್ಲಿ ಬರುವುದು ನೈಸರ್ಗಿಕ ಅನಿಲ. ಅದರ ಒತ್ತಡ ಬೇರೆ, ಜೆಟ್ ಬೇರೆ. ಎಲ್‌ಪಿಜಿ ಯಂತ್ರವನ್ನು ಅದಕ್ಕೆ ಸಿಕ್ಕಿಸಬೇಡಿ. ಆ ಅನಿಲಕ್ಕೇ ತಯಾರಾದ ಯಂತ್ರವಿದ್ದರೂ ಕಂಪನಿಯ ಲಿಖಿತ ಒಪ್ಪಿಗೆ ಪಡೆದೇ ಜೋಡಿಸಿ.

4. ಪೆಟ್ರೋಲನ್ನು ಅಳತೆಯಲ್ಲಿಡಿ

1934ರ ಪೆಟ್ರೋಲಿಯಂ ಕಾಯ್ದೆ ಲೈಸೆನ್ಸ್ ಇಲ್ಲದೆ ಸ್ವಂತ ಬಳಕೆಗೆ ಇಡಲು ಬಿಡುವುದು ಒಟ್ಟು 30 ಲೀಟರ್. ಲೋಹದ ಡಬ್ಬಿ 25 ಲೀಟರಿಗಿಂತ ದೊಡ್ಡದಿರಬಾರದು. ಮನೆಗೆ 5ರಿಂದ 10 ಲೀಟರ್ ಸಾಕು. ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿ, ಅಡುಗೆಮನೆ ಮತ್ತು ದೇವರ ದೀಪದಿಂದ ದೂರವಿಡಿ. ಈಗ ಬಂಕಿನಲ್ಲಿ ಬರುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ತಿಂಗಳುಗಟ್ಟಲೆ ಇಟ್ಟರೆ ತೇವ ಎಳೆದುಕೊಂಡು ಕೆಡುತ್ತದೆ. ಎರಡು ತಿಂಗಳಿಗೊಮ್ಮೆ ಡಬ್ಬಿಯದನ್ನು ಸ್ಕೂಟರಿಗೆ ಹಾಕಿ, ಹೊಸದು ತುಂಬಿಸಿ. ಜನರೇಟರಿನ ಎಂಜಿನ್ ಈ ಪೆಟ್ರೋಲಿಗೆ ಒಗ್ಗುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿ.

5. ಮನೆಯ ಹೊರೆಯನ್ನು ಹಾಳೆಯ ಮೇಲೆ ಬರೆಯಿರಿ

ಬೆಂಗೇರಿಯ ಸಾಧಾರಣ ಮನೆಯ ಲೆಕ್ಕ ಹೀಗೆ: ಮೂರು ಫ್ಯಾನ್ 225 ವ್ಯಾಟ್, ಆರು ಎಲ್‌ಇಡಿ 54, ಟಿವಿ 100, ವೈಫೈ 15, ಫ್ರಿಜ್ 150. ಒಟ್ಟು ಸುಮಾರು 550 ವ್ಯಾಟ್. ಆದರೆ ಫ್ರಿಜ್ ಚಾಲೂ ಆಗುವ ಕ್ಷಣದಲ್ಲಿ 600ರಿಂದ 800 ವ್ಯಾಟ್ ಎಳೆಯುತ್ತದೆ. ಆಗ ಒಟ್ಟು 1,200ರ ಹತ್ತಿರ ಹೋಗುತ್ತದೆ. ಒಂದು ಎಚ್‌ಪಿ ಮೋಟರ್ ಓಡುವಾಗ ಸುಮಾರು 1,000 ವ್ಯಾಟ್, ಎದ್ದೇಳುವಾಗ ಅದರ ಮೂರು ಪಟ್ಟು. ಐದು ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರಿಗೆ ಸುಮಾರು 350 ವ್ಯಾಟ್. ಗೀಸರ್, ಇಸ್ತ್ರಿ, ಎಸಿ ಈ ಪಟ್ಟಿಯಲ್ಲಿ ಬೇಡ. ಜನರೇಟರ್ ಬೀಳುವುದು ಓಡುವ ಹೊರೆಗಲ್ಲ, ಎದ್ದೇಳುವ ಹೊರೆಗೆ.

6. ಡಬ್ಬಿಯ ಮೇಲಿನ ಅಂಕಿಯನ್ನು ಇಳಿಸಿ ಓದಿ

ಅಂಗಡಿಯಲ್ಲಿ ಹೇಳುವುದು ಕೆವಿಎ. ಮನೆಗೆ ಬೇಕಾದದ್ದು ಕಿಲೋವ್ಯಾಟ್. 0.8ರಿಂದ ಗುಣಿಸಿದರೆ ಲೆಕ್ಕ ಸುರಕ್ಷಿತ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ ಶಕ್ತಿ ಪ್ರತಿ 300 ಮೀಟರಿಗೆ ಶೇ 3.5ರಷ್ಟು ಇಳಿಯುತ್ತದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗಿಂತ ಮೇಲಿದೆ. ಸುಮಾರು ಶೇ 7 ಕಳೆಯಿರಿ. ಗ್ಯಾಸಿನಲ್ಲಿ ಓಡಿಸಿದರೆ ಪೆಟ್ರೋಲಿಗಿಂತ ಇನ್ನೂ ಶೇ 10ರಷ್ಟು ಕಡಿಮೆ. ಹೀಗೆ 2.5 ಕೆವಿಎ ಎಂದು ಬರೆದ ಯಂತ್ರ ಬೆಂಗೇರಿಯಲ್ಲಿ, ಗ್ಯಾಸಿನ ಮೇಲೆ, ನಂಬಿಕೆಯಿಂದ ಕೊಡುವುದು ಸುಮಾರು 1.7 ಕಿಲೋವ್ಯಾಟ್, 5 ಕೆವಿಎ ಯಂತ್ರ ಸುಮಾರು 3.3. ಮಾರುವವರು ಹೇಳುವ ಗರಿಷ್ಠ ಅಂಕಿ ಕೆಲವೇ ಕ್ಷಣದ್ದು. ಗ್ಯಾಸಿನಲ್ಲಿ ಸತತವಾಗಿ ಎಷ್ಟು ಕೊಡುತ್ತದೆ ಎಂದು ಕೇಳಿ ಬರೆಸಿಕೊಳ್ಳಿ.

7. ದೊಡ್ಡ ಜನರೇಟರಿಗೆ ಮುಂಚೆ ಸಣ್ಣ ಮೋಟರ್ ನೋಡಿ

ನಳದ ನೀರು ದಿನಾ ಬರದ ಓಣಿಯಲ್ಲಿ ನೆಲದ ತೊಟ್ಟಿಯಿಂದ ಮಾಳಿಗೆಯ ಟ್ಯಾಂಕಿಗೆ ನೀರೇರಿಸುವ ಮೋಟರೇ ದೊಡ್ಡ ಹೊರೆ. ಒಂದು ಎಚ್‌ಪಿ ಮೋಟರ್ ಎಬ್ಬಿಸಲು 5 ಕೆವಿಎ ಯಂತ್ರ ಬೇಕಾಗುತ್ತದೆ. ಒಂದು ಮಹಡಿಯ ಮನೆಗೆ ಎಷ್ಟೋ ಕಡೆ ಅರ್ಧ ಎಚ್‌ಪಿ ಸಾಕು. ಅದು ಎದ್ದೇಳುವಾಗ ಸುಮಾರು 1,500 ವ್ಯಾಟ್ ಕೇಳುತ್ತದೆ. ಫ್ರಿಜ್, ಫ್ಯಾನ್ ಬಂದ್ ಮಾಡಿ ಮೋಟರ್ ಹಾಕಿದರೆ 2.5 ಕೆವಿಎ ಯಂತ್ರವೇ ಎಬ್ಬಿಸುತ್ತದೆ. ಮೋಟರ್ ಬದಲಿಸುವ ಖರ್ಚು, ದುಪ್ಪಟ್ಟು ಜನರೇಟರಿನ ಖರ್ಚಿನ ಮುಂದೆ ಚಿಕ್ಕದು. ಬೋರ್‌ವೆಲ್ ಮೋಟರನ್ನು ಈ ಯಂತ್ರಗಳಿಂದ ಓಡಿಸುವ ಆಸೆ ಬಿಡಿ.

8. 230 ವೋಲ್ಟ್, 50 ಹರ್ಟ್ಜ್ ಮತ್ತು ಹೊಗೆ ನಿಯಮದ ಗುರುತು ನೋಡಿ

ಆನ್‌ಲೈನಿನಲ್ಲಿ ಚಂದ ಕಾಣುವ ಅನೇಕ ಎರಡು ಇಂಧನದ ಯಂತ್ರಗಳು ಅಮೆರಿಕಕ್ಕೆ ತಯಾರಾದವು. ಅವು 120 ವೋಲ್ಟ್, 60 ಹರ್ಟ್ಜ್. ನಮ್ಮ ಫ್ರಿಜ್, ಮೋಟರಿಗೆ ಒಗ್ಗುವುದಿಲ್ಲ. ಭಾರತದಲ್ಲಿ ಜನರೇಟರ್ ಎಂಜಿನಿಗೆ 2023ರ ಜುಲೈ 1ರಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4+ ಹೊಗೆ ನಿಯಮ ಬಂದಿದೆ. ಆ ಅನುಮೋದನೆಯ ಗುರುತು ಯಂತ್ರದ ಮೇಲಿರಬೇಕು. ಗ್ಯಾಸ್ ವ್ಯವಸ್ಥೆ ಕಾರ್ಖಾನೆಯಿಂದಲೇ ಬಂದಿರಲಿ; ಪೆಟ್ರೋಲ್ ಯಂತ್ರಕ್ಕೆ ಗ್ಯಾರೇಜಿನಲ್ಲಿ ಕಿಟ್ ಕೂಡಿಸಬೇಡಿ. ಎಂಜಿನ್ ನಿಂತ ಕೂಡಲೇ ಗ್ಯಾಸ್ ತಾನಾಗಿ ನಿಲ್ಲುವ ರೆಗ್ಯುಲೇಟರ್ ಇದೆಯೇ ಎಂದು ಅಂಗಡಿಯಲ್ಲೇ ಓಡಿಸಿ ನೋಡಿ. ಆಯಿಲ್ ಕಡಿಮೆಯಾದರೆ ತಾನೇ ನಿಲ್ಲುವ ಸೌಲಭ್ಯವೂ ಇರಲಿ.

9. ಕಂಪ್ಯೂಟರ್ ಇದ್ದರೆ ಇನ್ವರ್ಟರ್ ಜನರೇಟರ್, ಮೋಟರಿಗೆ ಸಾದಾ ಯಂತ್ರ

ಇನ್ವರ್ಟರ್ ಜನರೇಟರ್ ಕೊಡುವ ಕರೆಂಟ್ ಏರಿಳಿತವಿಲ್ಲದ್ದು, ಸದ್ದು ಕಡಿಮೆ, ಹೊರೆ ಇಳಿದರೆ ಇಂಧನವೂ ಉಳಿಯುತ್ತದೆ, ಬೆಲೆ ಹೆಚ್ಚು. ವೋಲ್ಟೇಜ್ ಸಮವಾಗಿಡುವ ಎವಿಆರ್ ಇರುವ ಸಾದಾ ಯಂತ್ರ ಅಗ್ಗ, ಮೋಟರ್ ಎಬ್ಬಿಸಲು ಗಟ್ಟಿ, ರಿಪೇರಿಯೂ ಸುಲಭ. ಮನೆಯ ಇನ್ವರ್ಟರ್ ಜನರೇಟರಿನ ಕರೆಂಟನ್ನು ಒಪ್ಪದಿದ್ದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್‌ನಿಂದ ನಾರ್ಮಲ್ ಕಡೆಗೆ ತಿರುಗಿಸಿ ನೋಡಿ. ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

10. ಇಡುವ ಜಾಗವಿಲ್ಲದಿದ್ದರೆ ಕೊಳ್ಳಬೇಡಿ

ಈ ಸೂತ್ರ ಜೀವದ್ದು. ಎಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಪಡಸಾಲೆ, ಮೆಟ್ಟಿಲ ಕೆಳಗಿನ ಜಾಗ, ಮುಚ್ಚಿದ ವರಾಂಡಾ, ಶಟರ್ ಎಳೆದ ಅಂಗಡಿ ಯಾವುದೂ ಸಲ್ಲದು. ಕಿಟಕಿ ತೆರೆದಿಟ್ಟರೂ ಸಾಲದು. ಬಾಗಿಲು-ಕಿಟಕಿಗಳಿಂದ 20 ಅಡಿ ದೂರ, ಬಯಲಿನಲ್ಲಿ, ಹೊಗೆ ಕೊಳವೆ ನಿಮ್ಮ ಮನೆಗೂ ನೆರೆಮನೆಗೂ ಮುಖ ಮಾಡದಂತೆ ಇಡಿ. ಗೋಡೆಗೆ ಗೋಡೆ ಹತ್ತಿದ ಓಣಿಗಳಲ್ಲಿ ಮಳೆ ತಡೆಯುವ ಸೂರು ಹಾಕಿದ, ನಾಲ್ಕೂ ಕಡೆ ತೆರೆದ ಮಾಳಿಗೆಯೇ ಸರಿ. ಮಲಗುವ ಕೋಣೆಯಲ್ಲಿ ಮೊನಾಕ್ಸೈಡ್ ಅಲಾರಂ ಹಾಕಿ. ಎಲ್‌ಪಿಜಿ ಗಾಳಿಗಿಂತ ಭಾರ; ಸೋರಿದರೆ ನೆಲದಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. ಸಿಲಿಂಡರನ್ನು ನೆಟ್ಟಗೆ, ನೆರಳಿನಲ್ಲಿ, ಎಂಜಿನಿನ ಬಿಸಿಯಿಂದ ದೂರವಿಡಿ.

ನೆರೆಯವರ ನಿದ್ದೆಯೂ ನಿಮ್ಮ ಹೊಣೆ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ರಾತ್ರಿ ಹತ್ತರೊಳಗೆ ಯಂತ್ರ ಓಡಿಸಿ ನೀರೇರಿಸಿ, ಬ್ಯಾಟರಿ ತುಂಬಿಸಿ. ರಾತ್ರಿಯನ್ನು ಇನ್ವರ್ಟರಿಗೆ ಬಿಡಿ.

11. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ತಂತಿಗೆ ಜೋಡಿಸಬೇಡಿ

ಎರಡೂ ತುದಿಗೆ ಪಿನ್ ಇರುವ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಗೆ ಕರೆಂಟ್ ಕೊಡುವ ರೂಢಿ ಕೊಲೆಗೆ ಸಮ. ಆ ಕರೆಂಟ್ ಮೀಟರ್ ದಾಟಿ ಹಿಂದಕ್ಕೆ ಹೋಗಿ, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರಿ, ಕಂಬದ ಮೇಲೆ ತಂತಿ ಸರಿಪಡಿಸುತ್ತಿರುವ ಲೈನ್‌ಮನ್‌ನ ಜೀವ ತೆಗೆಯಬಹುದು. ಹೆಸ್ಕಾಂ ಕರೆಂಟ್ ಮತ್ತು ಜನರೇಟರ್ ಎಂದೂ ಒಟ್ಟಿಗೆ ಸೇರದಂತೆ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಚೇಂಜ್‌ಓವರನ್ನು ಲೈಸೆನ್ಸ್ ಇರುವ ಕಂತ್ರಾಟುದಾರರಿಂದ ಹಾಕಿಸಿ. ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ತಪ್ಪಬಾರದು. ಸೋಲಾರ್ ಇದ್ದ ಮನೆಯಲ್ಲಿ ಜನರೇಟರ್ ಅದರ ತಂತಿಗೆ ಸೇರದಂತೆ ಬೇರ್ಪಡಿಸಿ. ಕಂಬ ಬಿದ್ದರೆ, ತಂತಿ ಹರಿದರೆ 1912ಕ್ಕೆ ಕರೆ ಮಾಡಿ.

12. ಹತ್ತಿರದ ಮೆಕ್ಯಾನಿಕ್ ನೋಡಿ ಕೊಳ್ಳಿ, ತಿಂಗಳಿಗೊಮ್ಮೆ ಓಡಿಸಿ

ಹುಬ್ಬಳ್ಳಿಯಲ್ಲೇ ಸರ್ವಿಸ್ ಇದೆಯೇ, ಕಾರ್ಬ್ಯುರೇಟರ್, ಗ್ಯಾಸ್ ರೆಗ್ಯುಲೇಟರ್, ಎವಿಆರ್ ಸಿಗುತ್ತವೆಯೇ ಎಂದು ಬಿಲ್ ಮಾಡಿಸುವ ಮುಂಚೆ ವಿಚಾರಿಸಿ. ಮೊದಲ 20 ತಾಸಿಗೆ ಎಂಜಿನ್ ಆಯಿಲ್ ಬದಲಿಸಿ. ಆಮೇಲೆ 100 ತಾಸಿಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ. ತಿಂಗಳಿಗೊಮ್ಮೆ ಫ್ಯಾನ್, ಫ್ರಿಜ್ ಹಾಕಿ 15 ನಿಮಿಷ ಓಡಿಸಿ. ಒಂದು ತಿಂಗಳು ಗ್ಯಾಸ್, ಮುಂದಿನ ತಿಂಗಳು ಪೆಟ್ರೋಲ್. ಪೆಟ್ರೋಲಿನಲ್ಲಿ ಓಡಿಸಿದ ಮೇಲೆ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ. ಆಗ ಕಾರ್ಬ್ಯುರೇಟರಿನಲ್ಲಿ ಅಂಟು ಕಟ್ಟುವುದಿಲ್ಲ. ಗ್ಯಾಸ್ ಪೈಪಿನ ಜೋಡಣೆಗಳನ್ನು ಸಾಬೂನಿನ ನೊರೆಯಿಂದ ಪರೀಕ್ಷಿಸಿ. ಬಿಸಿ ಎಂಜಿನಿಗೆ ಪೆಟ್ರೋಲ್ ಹಾಕಬೇಡಿ. ಚಾಲೂ ಮಾಡುವುದು, ಬಂದ್ ಮಾಡುವುದು ಮನೆಯ ಇಬ್ಬರಿಗಾದರೂ ಬರಲಿ.

ಕೊನೆಗೆ ನನ್ನ ತೀರ್ಪು. ಅರ್ಧ ಎಚ್‌ಪಿ ಮೋಟರಿನ ಮನೆಗೆ ಒಂದು ಒಳ್ಳೆಯ ಇನ್ವರ್ಟರ್, ಜೊತೆಗೆ 2.5 ಕೆವಿಎ ಪೆಟ್ರೋಲ್-ಗ್ಯಾಸ್ ಯಂತ್ರ. ಒಂದು ಎಚ್‌ಪಿ ಮೋಟರ್ ಬಿಡಲಾಗದ ಮನೆಗೆ 5 ಕೆವಿಎ. ಬಯಲು ಜಾಗವಾಗಲಿ ತೆರೆದ ಮಾಳಿಗೆಯಾಗಲಿ ಇಲ್ಲದ ಮನೆಗೆ ಜನರೇಟರ್ ಬೇಡವೇ ಬೇಡ. ಅದೇ ದುಡ್ಡಿಗೆ ಇನ್ನೊಂದು ಬ್ಯಾಟರಿ ಕೊಳ್ಳಿ. ಅಂಗಡಿಯ ದಾರಿ ಹಿಡಿಯುವ ಮುಂಚೆ ಮೋಟರಿನ ಮೇಲಿನ ಫಲಕ ಓದಿ, ಹೊರೆಯ ಪಟ್ಟಿ ಬರೆಯಿರಿ, ಗ್ಯಾಸ್ ವಿತರಕರನ್ನು ಕೇಳಿ, ಮಾಳಿಗೆ ಹತ್ತಿ ಜಾಗ ಅಳೆಯಿರಿ. ಈ ನಾಲ್ಕು ಕೆಲಸ ಮುಗಿದ ಮೇಲೆ ಯಾವ ಯಂತ್ರ ಬೇಕೆಂದು ಅಂಗಡಿಯವರು ಹೇಳಬೇಕಿಲ್ಲ, ನೀವೇ ಅವರಿಗೆ ಹೇಳುತ್ತೀರಿ.